ಏಟಿನ ಮರುದಿನದ ಬ್ರೆಡ್ಡು

ನಮ್ಮ ಮನೆಗೆ ಬ್ರೆಡ್ ಬಂತೆಂದರೆ ಹಿಂದಿನ ದಿನ ಅಪ್ಪ ಅವ್ವನಿಗೆ ಹೊಡೆದಿದ್ದಾನೆ ಎಂದೇ ಅರ್ಥ. ಬೇರೆ ಯಾವ ಕಾರಣಕ್ಕೂ ಅದು ಬರುತ್ತಿರಲಿಲ್ಲ. ನಾವು ಭೀಮಾ ನದಿಯ ದಂಡೆಯ ಕಡೆಯವರು. ನಮ್ಮಲ್ಲಿ ಊಟವೆಂದರೆ ಜೋಳದ ರೊಟ್ಟಿ. ಬ್ರೆಡ್ಡು ಜ್ವರ ಬಂದವರಿಗೆ, ಆಸ್ಪತ್ರೆಯಲ್ಲಿ ಮಲಗಿದವರಿಗೆ. ಗಟ್ಟಿಮುಟ್ಟಾಗಿರುವವರ ಮನೆಗೆ ಬ್ರೆಡ್ ಹಿಡಿದುಕೊಂಡು ಹೋದರೆ ಬಾಗಿಲಲ್ಲೇ ಗಾಬರಿಯಾಗಿ ಯಾರಿಗೆ ಏನಾಯಿತು ಎಂದು ಕೇಳುತ್ತಿದ್ದರು.

ಅಪ್ಪ ಹೊಡೆದ ಮರುದಿನ ಅವ್ವನ ದವಡೆ ಊದಿರುತ್ತಿತ್ತು, ರೊಟ್ಟಿ ಅಗಿಯಲು ಆಗುತ್ತಿರಲಿಲ್ಲ. ಅವನು ಡ್ಯೂಟಿ ಮುಗಿಸಿ ಬರುವಾಗ ಬಸ್ ಸ್ಟಾಪಿನ ಬೇಕರಿಯಿಂದ ಒಂದು ಬ್ರೆಡ್ಡು, ಒಂದು ಪ್ಯಾಕೆಟ್ ಹಾಲು ತಂದು ಗೋಡೆಯ ಗೂಡಿನಲ್ಲಿ ಇಡುತ್ತಿದ್ದ. ಅವ್ವನ ಮುಖ ನೋಡುತ್ತಿರಲಿಲ್ಲ. ಕೈಕಾಲು ತೊಳೆದುಕೊಂಡು, ಗೋಡೆಗೆ ಒರಗಿ ಕೂತು, ತನ್ನ ಪಾಲಿನ ರೊಟ್ಟಿಯನ್ನು ಕಟಕಟ ಮುರಿದು ತಿನ್ನುತ್ತಿದ್ದ. ಇವತ್ತಿಗೂ ಬ್ರೆಡ್ಡಿನ ಕವರು ಸರಪರ ಎಂದರೆ ನನಗೆ ಮೊದಲು ಬರುವುದು ಸಿಟ್ಟು, ಹಸಿವು ಆಮೇಲೆ.

ಇದೆಲ್ಲ ತೊಂಬತ್ತರ ದಶಕದ ಕೊನೆಯ ಮಾತು. ಕೆ.ಆರ್. ಪುರದ ಟಿನ್ ಫ್ಯಾಕ್ಟರಿ ಸ್ಟಾಪಿನ ಹಿಂದಿನ ಓಣಿಯಲ್ಲಿ, ಶೀಟು ಹೊದಿಸಿದ ಸಾಲು ಕೋಣೆಗಳಲ್ಲಿ ಒಂದು ನಮ್ಮದು. ಅಪ್ಪ ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆಯಲ್ಲಿ ಪ್ರೆಸ್ ಮಿಷಿನ್ ಓಡಿಸುತ್ತಿದ್ದ. ಅವ್ವ ಇಂದಿರಾನಗರದ ಒಂದು ಮನೆಯಲ್ಲಿ ಅಡಿಗೆ, ಕಸ, ಮುಸುರೆ ಎಲ್ಲ ನೋಡಿಕೊಳ್ಳುತ್ತಿದ್ದಳು. ನಾನು ಸರ್ಕಾರಿ ಶಾಲೆಯಲ್ಲಿ ಓದುತ್ತಿದ್ದೆ. ತಂಗಿ ಇನ್ನೂ ಅಂಗನವಾಡಿಗೆ ಹೋಗುವ ವಯಸ್ಸು. ಇನ್ನೊಬ್ಬಳು ಆಯಿ. ಆಯಿ ಎಂದರೆ ಅಜ್ಜಿ, ಅವ್ವನ ತಾಯಿ.

ಆಯಿ ಅವ್ವನ ತಾಯಿ ಮಾತ್ರ ಅಲ್ಲ, ಅಪ್ಪನ ಸ್ವಂತ ಅಕ್ಕ ಕೂಡ. ಅವ್ವ ತನ್ನ ಸೋದರಮಾವನನ್ನೇ ಮದುವೆಯಾಗಿದ್ದಳು, ನಮ್ಮ ಕಡೆ ಅದು ತೀರಾ ಸಾಮಾನ್ಯ. ತಾಯಿ ಸತ್ತ ಮೇಲೆ ಆಯಿಯೇ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಗಂಡ ತೀರಿಹೋದಾಗ, ಮಗಳು ಕಣ್ಣೆದುರಿಗೇ ಇರಲಿ, ತಮ್ಮ ತನ್ನ ಕೈಬಿಡದಿರಲಿ ಎಂದು ಮಗಳನ್ನು ತಮ್ಮನಿಗೇ ಕೊಟ್ಟು ಮೂವರೂ ಒಂದೇ ಮನೆಯಾದರು. ಇದರಿಂದ ಅವ್ವನಿಗೆ ಏನಾಯಿತೆಂದರೆ, ಗಂಡ ಹೊಡೆದರೆ ಓಡಿಹೋಗಲು ಒಂದು ತವರುಮನೆಯೇ ಇಲ್ಲದಂತಾಯಿತು. ಹೊಡೆಯುವವನ ಮನೆಯೇ ಅವಳ ತವರು. ಅವಳನ್ನು ಉಳಿಸುವ ಅಧಿಕಾರ ಲೋಕದಲ್ಲಿ ಒಬ್ಬಳಿಗೆ ಮಾತ್ರ ಇತ್ತು. ಅಪ್ಪ ಹೆದರುತ್ತಿದ್ದದ್ದೂ ಅವಳೊಬ್ಬಳಿಗೇ. ಆ ಆಯಿ ಉಳಿಸುತ್ತಿರಲಿಲ್ಲ.

ಅಪ್ಪನ ಕೈ ಮೇಲೇಳುತ್ತಿದ್ದ ಹಾಗೆ ಆಯಿ ತಂಗಿಯನ್ನು ಕಂಕುಳಲ್ಲಿ ಎತ್ತಿಕೊಂಡು, ನನ್ನ ರಟ್ಟೆ ಹಿಡಿದು, ಹೊರಗೆ ನಲ್ಲಿಕಟ್ಟೆಯ ಹತ್ತಿರ ಕರೆದೊಯ್ದು ಕೂರಿಸುತ್ತಿದ್ದಳು. ತಂಗಿಯ ಕಿವಿಗೆ ಸೆರಗು ಮುಚ್ಚುತ್ತಿದ್ದಳು. ನನ್ನ ಕಿವಿಗೆ ಸೆರಗು ಸಾಲುತ್ತಿರಲಿಲ್ಲ. ಒಳಗೆ ಪಾತ್ರೆ ಬೀಳುವುದು, ಅವ್ವನ ತಲೆ ಬಾಗಿಲಿಗೆ ಬಡಿಯುವುದು, 'ಬ್ಯಾಡೋ ಮಾಮಾ, ಬ್ಯಾಡೋ' ಎನ್ನುವುದು ಎಲ್ಲ ಕೇಳುತ್ತಿತ್ತು. ಮದುವೆಯಾಗಿ ಇಷ್ಟು ವರ್ಷವಾದರೂ ಅವಳು ಅವನನ್ನು ಮಾಮಾ ಎಂದೇ ಕರೆಯುತ್ತಿದ್ದಳು.

"ಹೋಗಿ ಬಿಡಸು ಆಯಿ," ಎಂದು ನಾನು ಅವಳ ಮೊಣಕೈ ಎಳೆಯುತ್ತಿದ್ದೆ.

"ಸಿಟ್ಟು ಬಂದದ, ಇಳೀತದ. ನಡಬರಕ ಹೋದ್ರ ಹೆಚ್ಚಾಗ್ತದ," ಎನ್ನುತ್ತಿದ್ದಳು ಆಯಿ. ತಮ್ಮನ ಸಿಟ್ಟನ್ನು ಅವಳು ಮಳೆಯೋ ಗಾಳಿಯೋ ಎಂಬಂತೆ ಮಾತಾಡುತ್ತಿದ್ದಳು. ಆಗ ನನಗೆ ಅಪ್ಪನಿಗಿಂತ ಅವಳ ಮೇಲೇ ಹೆಚ್ಚು ಕೋಪ ಬರುತ್ತಿತ್ತು.

ಒಮ್ಮೆ ನಾನೇ ನಡುವೆ ನುಗ್ಗಿದೆ. ಅಪ್ಪನ ಬೆರಳು ಕಚ್ಚಿದೆ. ಅವನು ನನ್ನನ್ನು ಕೊಡವಿ ಎಸೆದ ರಭಸಕ್ಕೆ ಸ್ಟೌವಿನ ಅಂಚಿಗೆ ಬಾಯಿ ಬಡಿದು ಮುಂದಿನ ಹಲ್ಲಿನ ಒಂದು ಮೂಲೆ ಹಾರಿಹೋಯಿತು. ಈಗಲೂ ಇಲ್ಲ, ನಗುವಾಗ ಕಾಣುತ್ತದೆ. ಆ ಮರುದಿನ ಬ್ರೆಡ್ಡು ನನಗೂ ಸಿಕ್ಕಿತು.

ಕಾರಣ ಏನಿರುತ್ತಿತ್ತು ಎಂದು ಕೇಳಿದರೆ ನಗು ಬರುತ್ತದೆ. ಪಲ್ಯಕ್ಕೆ ಉಪ್ಪು ಜಾಸ್ತಿ, ಕರೆದಾಗ ತಡವಾಗಿ ಓ ಎಂದದ್ದು, ಬಸ್ಸು ಸಿಗದೆ ಮನೆಗೆ ಬರುವುದು ತಡವಾದದ್ದು. ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಬೈದ ದಿನ ಕಾರಣವೂ ಬೇಕಿರಲಿಲ್ಲ. ಹೊರಗೆ ಅಪ್ಪ ಬಾಯಿ ಸತ್ತವನು. ಓಣಿಯಲ್ಲಿ ಯಾರಾದರೂ ಗಟ್ಟಿಯಾಗಿ ಮಾತಾಡಿದರೆ 'ಆಯ್ತು ಗುರು, ಬಿಡು ಗುರು' ಎಂದು ನಕ್ಕು ಸರಿದುಬಿಡುತ್ತಿದ್ದ. ಹಾಗೆ ನುಂಗಿದ್ದನ್ನೆಲ್ಲ ಮನೆಗೆ ತಂದು ಅವ್ವನ ಬೆನ್ನ ಮೇಲೆ ಕಕ್ಕುತ್ತಿದ್ದ.

ಈ ಬ್ರೆಡ್ಡಿಗೆ ಸೀಗಡಿ ಜೊತೆಯಾದದ್ದು ಹೀಗೆ. ಇಂದಿರಾನಗರದ ಆ ಮನೆಯ ಅಮ್ಮಾವ್ರು ಹಳೆ ಕಂಟೋನ್ಮೆಂಟಿನ ಕ್ರಿಶ್ಚಿಯನ್ನರು, ಒಬ್ಬರೇ ಇದ್ದರು. ಮಾತಿನಲ್ಲಿ ಅರ್ಧ ತಮಿಳು, ಕಾಲು ಇಂಗ್ಲಿಷು, ಮಿಕ್ಕದ್ದು ಕನ್ನಡ. ಅವರಿಗೆ ಭಾನುವಾರ ಚರ್ಚಿನಿಂದ ಬಂದ ಕೂಡಲೇ ಕರಿದ ಸೀಗಡಿಯ ಸ್ಯಾಂಡ್‌ವಿಚ್ ಬೇಕು. ಅವ್ವನಿಗೆ ಅವರೇ ಕಲಿಸಿದರು. ಸೀಗಡಿಯನ್ನು ಮೊಟ್ಟೆಯಲ್ಲಿ ಅದ್ದಿ, ಒಣ ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ, ಎಣ್ಣೆಗೆ ಬಿಟ್ಟು, ಬೆಣ್ಣೆ ಸವರಿದ ಬ್ರೆಡ್ಡಿನ ನಡುವೆ ವಿನೆಗರ್ ಈರುಳ್ಳಿಯ ಜೊತೆ ಇಡಬೇಕು. ಮೊದಲ ದಿನ ಅವ್ವನಿಗೆ ಅದನ್ನು ಮುಟ್ಟಲೂ ಅಸಹ್ಯ. ನಮ್ಮವರು ತಿನ್ನುವುದು ಹೊಳೆಯ ಮೀನು. ಸಮುದ್ರದ ಈ ಮೀಸೆಯ ಪ್ರಾಣಿಯನ್ನು ಹುಳ ಎನ್ನುವವರು ನಾವು. ಅಮ್ಮಾವ್ರು ಬಲವಂತ ಮಾಡಿ ಒಂದು ತುಂಡು ಬಾಯಿಗೆ ಹಾಕಿದರಂತೆ. ಅವತ್ತು ಮನೆಗೆ ಬಂದವಳ ಮುಖದಲ್ಲಿ ಏನೋ ಕದ್ದು ತಂದವಳ ಖುಷಿ ಇತ್ತು.

ಮನೆಯಲ್ಲಿ ಅವಳು ಮೊದಲು ಅದನ್ನು ಮಾಡಿದ್ದು ಏಟಿನ ಬ್ರೆಡ್ಡಿನಲ್ಲಿ. ಆ ಸಲ ಅಪ್ಪ ಬೆಲ್ಟು ತೆಗೆದಿದ್ದ. ಬಕಲ್ಲು ತಾಗಿ ಅವ್ವನ ಕಿವಿಯ ಹಿಂದೆ ಹರಿದು, ಕೂದಲಿಗೆ ರಕ್ತ ಮೆತ್ತಿ ಒಣಗಿತ್ತು. ಮರುದಿನ ಬ್ರೆಡ್ ಬಂತು. ಆಯಿ ಹಾಲು ಕಾಯಿಸಿ, ಬ್ರೆಡ್ ಅದ್ದಿ, ಮಗಳ ಬಾಯಿಗೆ ಹಿಡಿದಳು. ಅವ್ವ ಬಾಯಿ ತೆರೆಯಲಿಲ್ಲ.

"ಇದನ್ನ ಹಾಲಾಗ ಅದ್ದಿ ನುಂಗಿದ್ರ ಅಂವ ಗೆದ್ದಂಗ," ಎಂದಳು. ಊದಿದ ತುಟಿಯಿಂದ ಮಾತು ಸರಿಯಾಗಿ ಹೊರಡಲಿಲ್ಲ, ಆದರೂ ಕೇಳಿಸಿತು. "ನಾ ರೋಗಿಷ್ಟಿ ಏನಲ್ಲ."

ಊತ ಸ್ವಲ್ಪ ಇಳಿದ ದಿನ, ಕೆಲಸದಿಂದ ಬರುವಾಗ ಹಲಸೂರು ಮಾರ್ಕೆಟ್ಟಿನಲ್ಲಿ ಇಳಿದು ಸಣ್ಣ ಸೀಗಡಿ ತಂದಳು. ಉಳಿದಿದ್ದ ಬ್ರೆಡ್ಡನ್ನು ಗೂಡಿನಿಂದ ಇಳಿಸಿದಳು. ಅಮ್ಮಾವ್ರ ಮನೆಯ ಯಾವ ಸಾಮಾನೂ ನಮ್ಮಲ್ಲಿಲ್ಲ. ಬ್ರೆಡ್ಡಿನ ಪುಡಿಯ ಬದಲು ಜೋಳದ ಹಿಟ್ಟು, ಬೆಣ್ಣೆಯ ಬದಲು ಕೆಂಪು ಮೆಣಸಿನಕಾಯಿ ಬೆಳ್ಳುಳ್ಳಿ ಅರೆದ ನಮ್ಮ ರಂಜಕ, ವಿನೆಗರ್ ಬದಲು ಲಿಂಬೆಹಣ್ಣು. ಮೇಲೆ ಒಂದು ಚಿಟಿಕೆ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಉದುರಿಸಿದ್ದು ಅವಳದೇ ಬುದ್ಧಿ. ಸ್ಯಾಂಡ್‌ವಿಚ್ ಎನ್ನುವ ಹೆಸರು ಅವಳ ಬಾಯಲ್ಲಿ ನಿಲ್ಲುತ್ತಿರಲಿಲ್ಲ, 'ಸೀಗಡಿ ಬ್ರೆಡ್' ಎಂದಳು. ನಮಗೂ ಅದೇ ಹೆಸರಾಯಿತು.

ಅವಳು ಸೀಗಡಿ ಸ್ವಚ್ಛ ಮಾಡುವುದನ್ನು ನೋಡಲು ನನಗೆ ಭಯವೂ ಆಸೆಯೂ. ಎಡಗೈಯಲ್ಲಿ ಮೈ ಹಿಡಿದು ಬಲಗೈಯಿಂದ ತಲೆ ಮುರಿಯುತ್ತಿದ್ದಳು, ಪಟ್ ಪಟ್ ಎಂದು. ಹೊಟ್ಟೆಯ ಕಡೆಯಿಂದ ಸಿಪ್ಪೆ ಸೀಳಿ ಎಳೆಯುತ್ತಿದ್ದಳು. ಬೆನ್ನಿಗೆ ಸೂಜಿ ಚುಚ್ಚಿ ಕಪ್ಪು ದಾರದಂಥ ಕರುಳನ್ನು ಮೆಲ್ಲಗೆ ಹೊರಗೆಳೆಯುತ್ತಿದ್ದಳು. ಒಂದೊಂದು ತಲೆ ಮುರಿಯುವಾಗಲೂ ಅವಳ ತುಟಿ ಏನೋ ಅನ್ನುತ್ತಿತ್ತು. ಏನೆಂದು ನಾನು ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಆಮೇಲೆ ಉಪ್ಪು ಅರಿಶಿನ ಹಚ್ಚಿ ತೊಳೆದು, ಹಳೆ ಸೀರೆಯ ತುಂಡಿನಲ್ಲಿ ಒತ್ತಿ ಒಣಗಿಸುತ್ತಿದ್ದಳು. ನೀರು ಉಳಿದರೆ ಎಣ್ಣೆ ಸಿಡಿಯುತ್ತದೆ. ಬಾಣಲೆಗೆ ಬಿದ್ದ ಸೀಗಡಿ ಸುರುಳಿ ಸುತ್ತಿ ಕೆಂಪಗಾದ ಕೂಡಲೇ ತೆಗೆಯಬೇಕು, ತಡವಾದರೆ ರಬ್ಬರ್. ಬ್ರೆಡ್ಡನ್ನು ರೊಟ್ಟಿಯ ಹೆಂಚಿನ ಮೇಲೆ ಎರಡೂ ಕಡೆ ಸುಟ್ಟು, ಎಲ್ಲ ತುಂಬಿ, ಅಂಗೈಯಿಂದ ಗಟ್ಟಿಯಾಗಿ ಒತ್ತುತ್ತಿದ್ದಳು.

ನಾನು ಅಂಥ ರುಚಿ ಅದುವರೆಗೆ ಕಂಡಿರಲಿಲ್ಲ. ತಂಗಿಯಂತೂ ಬೆರಳು ಚೀಪಿ ಚೀಪಿ ಬಿಳಿ ಮಾಡಿಕೊಂಡಳು. ಅಪ್ಪ ಎಲ್ಲರಿಗಿಂತ ಹೆಚ್ಚು ತಿಂದ. "ಏನ್ ಮಾಡೀದಿ ಇದು? ಭಾರಿ ಆಗ್ಯಾದ," ಎಂದು ಅವ್ವನನ್ನು ಹೊಗಳಿದ, ಅವಳ ಕಿವಿಯ ಹಿಂದಿನ ಗಾಯದ ಮೇಲೆ ಅರಿಶಿನ ಇನ್ನೂ ಹಸಿಯಾಗಿರುವಾಗಲೇ. ಆಯಿ ಮಾತ್ರ ಮುಟ್ಟಲಿಲ್ಲ. "ನನಗೇನಾಗ್ಯಾದಂತ ಬ್ರೆಡ್ ತಿನ್ಲಿ? ಅದರಾಗ ಹುಳ ಬ್ಯಾರೆ," ಎಂದು ತನ್ನ ಬೇವಿನ ಹಲಗೆಯ ಮುಂದೆ ಕೂತು ತನಗೊಂದು ರೊಟ್ಟಿ ತಟ್ಟಿಕೊಂಡಳು.

ಆ ಹಲಗೆಯ ಬಗ್ಗೆ ಇಲ್ಲೇ ಹೇಳಬೇಕು. ಊರಿನಿಂದ ಬರುವಾಗ ರೈಲಿನಲ್ಲಿ ತೊಡೆಯ ಮೇಲೇ ಇಟ್ಟುಕೊಂಡು ತಂದದ್ದು. ಅವಳ ಅತ್ತೆಯ ಕಾಲದ್ದು. ಮೊರದಷ್ಟು ಅಗಲ, ಎತ್ತಲು ಎರಡು ಕೈ ಬೇಕು. ನಡುವೆ ಒಂದು ಸಣ್ಣ ಬಿರುಕು ಬಿಟ್ಟಿತ್ತು, ಅಡಿಯಲ್ಲಿ ತಗಡಿನ ಪಟ್ಟಿ ಹೊಡೆಸಿದ್ದಳು. ದಿನವೂ ಮನೆಮಂದಿಗೆಲ್ಲ ಅದರ ಮೇಲೇ ರೊಟ್ಟಿ, ಅವಳ ಕೈಯಿಂದಲೇ. ಬೇರೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ.

ಅವತ್ತಿನಿಂದ ಅದೊಂದು ಪದ್ಧತಿಯಾಯಿತು. ಏಟು, ಮರುದಿನ ಬ್ರೆಡ್ಡು, ಊತ ಇಳಿದಾಗ ಸೀಗಡಿ. ಓಣಿಯವರಿಗೂ ಗೊತ್ತಾಯಿತು. ಅಪ್ಪ ಬ್ರೆಡ್ ಹಿಡಿದು ಬರುವುದನ್ನು ಕಂಡರೆ ಪಕ್ಕದ ಮನೆಯ ಅಕ್ಕ ಒಂದು ಬಟ್ಟಲು ಅರಿಶಿನದೆಣ್ಣೆ ತಂದು ನಮ್ಮ ಹೊಸ್ತಿಲಲ್ಲಿ ಇಟ್ಟು ಹೋಗುತ್ತಿದ್ದಳು. ಯಾರೂ ಏನೂ ಕೇಳುತ್ತಿರಲಿಲ್ಲ. ಬ್ರೆಡ್ಡೇ ಎಲ್ಲ ಹೇಳುತ್ತಿತ್ತು.

ಮಧ್ಯೆ ಸ್ವಲ್ಪ ದಿನ ಕಾರ್ಖಾನೆಯಲ್ಲಿ ಓವರ್‌ಟೈಮ್ ಜೋರಾಗಿ ಅಪ್ಪ ದಣಿದು ಬಂದು ಮಲಗಿಬಿಡುತ್ತಿದ್ದ. ಮನೆ ತಣ್ಣಗಿತ್ತು. ಅಂಥ ಒಂದು ಸಂಜೆ ಆಯಿ ಹಲಗೆಯ ಮುಂದೆ ಕೂತು ಹಿಟ್ಟು ನಾದುತ್ತಿದ್ದಳು. ತಂಗಿ ಅವಳ ಬೆನ್ನಿಗೆ ಜೋತುಬಿದ್ದು ಕೇಳಿದಳು:

"ಆಯಿ, ಅಪ್ಪ ಅವ್ವಗ ಮತ್ತ ಯಾವಾಗ ಹೊಡೀತಾನ?"

"ಯಾಕ ಕೇಳ್ತಿ?"

"ಸೀಗಡಿ ಬ್ರೆಡ್ ತಿನ್ನಂಗಾಗ್ಯಾದ."

ಆಯಿಯ ಕೈ ಹಿಟ್ಟಿನ ಮೇಲೆ ನಿಂತುಬಿಟ್ಟಿತು. ತಂಗಿ ಬೆನ್ನ ಮೇಲೆ ತೂಗಾಡುತ್ತಲೇ ಇದ್ದಳು. "ಈ ಸಲ ಜೋರ್ ಹೊಡದ್ರ ದೊಡ್ಡ ಬ್ರೆಡ್ ತರ್ತಾನೇನು?" ಎಂದಳು. ಆಯಿ ಅವತ್ತು ರೊಟ್ಟಿ ತಟ್ಟಲಿಲ್ಲ. ಹಿಟ್ಟನ್ನು ಹಾಗೇ ಮುಚ್ಚಿಟ್ಟು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ನಾನು ಅನ್ನ ಮಾಡಿದೆ.

ಈ ಮಾತನ್ನು ಆಯಿ ಅವ್ವನಿಗೆ ಹೇಳಿದಳು. ಕೇಳಿ ಅವ್ವ ಅಳುತ್ತಾಳೆ ಎಂದುಕೊಂಡಿದ್ದೆ, ಅವಳು ಅಳಲಿಲ್ಲ. ಮುಂದಿನ ಭಾನುವಾರ ಅಮ್ಮಾವ್ರ ಹತ್ತಿರ ರಜೆ ಕೇಳಿದಳು. ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟು, "ನಡಿ, ಶಿವಾಜಿನಗರಕ್ಕ ಹೋಗಮು," ಎಂದು ನನ್ನನ್ನು ಕರೆದಳು. "ಏಟು ಬೀಳಲಾರದೆನೂ ಮನಿಗಿ ಬ್ರೆಡ್ ಬರ್ತದಂತ ಆ ಕೂಸಿಗಿ ಗೊತ್ತಾಗಬೇಕು."

ಶಿವಾಜಿನಗರದ ಮೀನಿನ ಮಾರ್ಕೆಟ್ಟು ನನಗೆ ಆಗ ಯುದ್ಧ ನಡೆಯುವ ಜಾಗದ ಹಾಗೆ ಕಂಡಿತ್ತು. ಮರದ ಕೊರಡಿನ ಮೇಲೆ ಮಚ್ಚು ಬೀಳುತ್ತಲೇ ಇತ್ತು. ತಲೆಗಳು ಒಂದು ಬುಟ್ಟಿಗೆ, ಕರುಳು ಇನ್ನೊಂದಕ್ಕೆ. ಕಾಲ ಕೆಳಗೆ ಕೆಂಪು ನೀರು, ಅದರಲ್ಲಿ ಮೂತಿ ಇಟ್ಟ ಬೆಕ್ಕುಗಳು. ಸೀಗಡಿಯವನು ಅವ್ವನಿಗೆ "ಛೀಲ್ ಕೇ ದೇವೂಂ ಕ್ಯಾ ಅಕ್ಕಾ? ಸಿಪ್ಪೆ ತೆಗ್ದು ಕೊಡ್ಲಾ?" ಎಂದ. "ಬ್ಯಾಡ, ನಾನೇ ತೆಗೀತೀನಿ," ಎಂದಳು ಅವ್ವ. ಅವತ್ತು ಅವಳು ದೊಡ್ಡ ಸೀಗಡಿಯನ್ನೇ ಆರಿಸಿದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಏನೋ ಗುನುಗುತ್ತಿದ್ದಳು. ಟಿನ್ ಫ್ಯಾಕ್ಟರಿಯಲ್ಲಿ ಇಳಿದು, ಅಪ್ಪ ಹೋಗುತ್ತಿದ್ದ ಅದೇ ಬೇಕರಿಗೆ ಹೋಗಿ, ದೊಡ್ಡ ಬ್ರೆಡ್ ಕೊಂಡು, ಎದೆಗೊತ್ತಿಕೊಂಡು ಓಣಿಯೊಳಗೆ ನಡೆದಳು.

ಅವಳು ಲೆಕ್ಕಕ್ಕೆ ಹಿಡಿಯದೆ ಹೋದದ್ದು ಓಣಿಯ ಕಣ್ಣುಗಳನ್ನು. ನಲ್ಲಿಕಟ್ಟೆಯಲ್ಲಿದ್ದ ಹೆಂಗಸರು ಬ್ರೆಡ್ ನೋಡಿ ಸರಿದು ದಾರಿ ಬಿಟ್ಟರು. ಪಕ್ಕದ ಮನೆಯ ಅಕ್ಕ ಅವ್ವನ ಗಲ್ಲ ತಿರುಗಿಸಿ ಏಟು ಹುಡುಕಿದಳು. "ಈ ಸಲ ಎಲ್ಲಿಗ್ ಬಿತ್ತಮ್ಮಾ? ಮೈಗಾ?" ಎಂದಳು. ಅವ್ವ ನಕ್ಕು, ಏನೂ ಇಲ್ಲ, ಮಕ್ಕಳಿಗೆ ತಂದೆ ಎಂದಳು. ಯಾರೂ ನಂಬಲಿಲ್ಲ.

ಸ್ವಲ್ಪ ಹೊತ್ತಿಗೆ ಅಪ್ಪ ಬೆಳಗಿನ ಪಾಳಿ ಮುಗಿಸಿ ಬಂದ. ಓಣಿಯ ಬಾಯಲ್ಲಿದ್ದ ಟೀ ಅಂಗಡಿಯವನು ಅವನನ್ನು ತಡೆದು ನಿಲ್ಲಿಸಿದ. ಅದನ್ನು ಆಮೇಲೆ ಪಕ್ಕದ ಮನೆಯ ಅಕ್ಕನೇ ಹೇಳಿದ್ದು. "ಏನ್ ಗುರು, ಮತ್ತೆ ಕೈ ಮಾಡ್ಬಿಟ್ಯಾ? ಈಗ ಬ್ರೆಡ್ಡೂ ಅವ್ಳೇ ತಂದ್ಕೊಬೇಕಾ? ಥೂ, ಹೆಣ್ಮಕ್ಳ ಮೇಲೆ ಏನ್ ಗಂಡಸ್ತನ ನಿಂದು," ಎಂದನಂತೆ. ಕೂತಿದ್ದವರೆಲ್ಲ ನಕ್ಕರಂತೆ. ಅಪ್ಪ ಎಂದಿನಂತೆ 'ಬಿಡು ಗುರು' ಎಂದು ನಕ್ಕು ಸರಿದನಂತೆ.

ಒಳಗೆ ಸೀಮೆಎಣ್ಣೆಯ ಪಂಪ್ ಸ್ಟೌವ್ ಹೊತ್ತಿತ್ತು. ಅವ್ವ ನೆಲದಲ್ಲಿ ಕುಕ್ಕರಗಾಲಲ್ಲಿ ಕೂತು ಮೊದಲ ಸುತ್ತು ಸೀಗಡಿ ಕರಿದು ತಟ್ಟೆಗೆ ಹಾಕಿದ್ದಳು. ತಂಗಿ ತಟ್ಟೆಯ ಮುಂದೆ ಕೂತು ಊದುತ್ತಿದ್ದಳು. ನಾನು ಈರುಳ್ಳಿಗೆ ಲಿಂಬೆ ಹಿಂಡುತ್ತಿದ್ದೆ. ಆಯಿ ಮೂಲೆಯಲ್ಲಿ ತನ್ನ ಹಲಗೆಯ ಮುಂದೆ. ಅಪ್ಪ ಚಪ್ಪಲಿ ಬಿಡದೆ ಒಳಗೆ ಬಂದ. ಗೂಡಿನಲ್ಲಿದ್ದ ಬ್ರೆಡ್ ನೋಡಿದ.

"ಬ್ರೆಡ್ ಯಾರ್ ತಂದ್ರು?"

"ನಾನೇ ತಂದೀನಿ ಮಾಮಾ. ಕೂಸು ಕೇಳಿತ್ತು."

"ನಾ ನಿನಗ ಹೊಡದೀನೇನು?"

"ಇಲ್ಲ."

"ಮತ್ತ್ಯಾಕ ಓಣಿ ತುಂಬ ಬ್ರೆಡ್ ಮೆರಸ್ಕೋತ ಬಂದಿ? ಹೊಡೀಲಾರದೆನೂ ಕೆಟ್ಟ ಹೆಸರು ತಂದೀದಿ. ಈಗ ಹೊಡದೇ ಬಿಡ್ತೀನಿ."

ಬ್ರೆಡ್ ತಿಂದು ರುಚಿ ಎಂದವನೂ ಅವನೇ, ಈಗ ಬ್ರೆಡ್ ತಂದದ್ದಕ್ಕೆ ಹೊಡೆಯುವವನೂ ಅವನೇ. ಅದನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ಅವನ ಮೊದಲ ಒದೆತಕ್ಕೆ ತಟ್ಟೆ ಹಾರಿ ಸೀಗಡಿಗಳು ಗೋಡೆಗೆ ಬಡಿದವು. ತಂಗಿ ಚೀರಿದಳು. ಎರಡನೆಯದು ಅವ್ವನ ಪಕ್ಕೆಗೆ ಬಿತ್ತು, ಅವಳ ಬಾಯಿಂದ ಉಸಿರು ಮಾತ್ರ ಹೊರಬಂತು. ಬ್ರೆಡ್ ಕವರು ಹರಿದು, ತುಂಡುಗಳನ್ನು ಅವಳ ಬಾಯಿಗೆ ತುರುಕತೊಡಗಿದ. "ತಿನ್ನು, ತಿನ್ನು, ಬ್ರೆಡ್ ಬೇಕಲ್ಲ ನಿನಗ." ಅವಳಿಗೆ ಉಸಿರು ಸಿಕ್ಕಿಹಾಕಿಕೊಂಡಿತು. ಅವಳು ಕೈ ಕೊಸರಿದಾಗ ಉಗುರು ಅವನ ಕೆನ್ನೆ ಗೀರಿತು. ಅದೇ ಸಾಕಾಯಿತು. ಬಲಗೈಯಿಂದ ಅವಳ ತುರುಬು ಹಿಡಿದು ಮುಖವನ್ನು ಕುದಿಯುವ ಬಾಣಲೆಯ ಕಡೆಗೆ ಬಗ್ಗಿಸಿದ.

ನಾನು ಅವನ ಕಾಲು ಹಿಡಿದು ಎಳೆದೆ, ಅವನು ಅಲುಗಲಿಲ್ಲ. ಅವ್ವ ಎರಡೂ ಅಂಗೈಗಳನ್ನು ನೆಲಕ್ಕೆ ಊರಿ, ಕತ್ತು ಬಿಗಿಹಿಡಿದು, ಹಿಂದಕ್ಕೆ ಒತ್ತುತ್ತಿದ್ದಳು. ಎಣ್ಣೆಯ ಹಬೆಗೆ ಅವಳ ಮುಖ ಕೆಂಪಾಗಿತ್ತು, ಹುಬ್ಬಿನ ಕೂದಲು ಸೀಯುವ ವಾಸನೆ ಬಂತು. ಸಿಡಿದ ಹನಿಯೊಂದು ಗಲ್ಲಕ್ಕೆ ತಾಗಿ ಗುಳ್ಳೆ ಎದ್ದದ್ದು ನನ್ನ ಕಣ್ಣೆದುರೇ. ಅವಳು ಮಾಮಾ ಎನ್ನಲಿಲ್ಲ. ಬೇಡ ಎನ್ನಲಿಲ್ಲ. ಬಾಯಿ ತುಂಬ ಬ್ರೆಡ್ ಇಟ್ಟುಕೊಂಡೇ ಮೂಲೆಯ ಕಡೆ ಕಣ್ಣು ಹೊರಳಿಸಿ, ತನ್ನ ತಾಯಿಯನ್ನು ನೋಡಿದಳು.

ಆಯಿ ಎದ್ದಳು. ಅಷ್ಟು ವರ್ಷ ಎದ್ದಾಗಲೆಲ್ಲ ನಮ್ಮನ್ನು ಹೊರಗೆ ಕರೆದೊಯ್ಯಲು ಎದ್ದವಳು. ನಾನು ಅಂದುಕೊಂಡದ್ದೂ ಅದನ್ನೇ, ಈಗ ತಂಗಿಯನ್ನು ಎತ್ತಿಕೊಳ್ಳುತ್ತಾಳೆ ಎಂದು. ಅವಳು ಹಲಗೆ ಎತ್ತಿದಳು. ಅದರ ಮೇಲಿದ್ದ ಹಿಟ್ಟು ಜಾರಿ ಬಿತ್ತು. ಎರಡೂ ಕೈಯಲ್ಲಿ ತಲೆಯ ಮೇಲೆತ್ತಿ, ತುರುಬು ಹಿಡಿದಿದ್ದ ಆ ತೋಳಿನ ಮೇಲೆ ಇಳಿಸಿದಳು.

ಶಬ್ದ ಒಣ ಕಟ್ಟಿಗೆ ಮುರಿದ ಹಾಗೆ ಬಂತು. ಮುರಿದದ್ದು ಹಲಗೆಯೋ ತೋಳೋ ಎಂದು ಒಂದು ಕ್ಷಣ ತಿಳಿಯಲಿಲ್ಲ. ಎರಡೂ ಮುರಿದಿದ್ದವು. ಅಪ್ಪ "ಅಕ್ಕಾ!" ಎಂದು ಕಿರುಚಿ ಕೂತುಬಿಟ್ಟ. ಅವ್ವ ಪಕ್ಕಕ್ಕೆ ಉರುಳಿದಳು. ಅವಳ ಕಾಲು ತಾಗಿ ಬಾಣಲೆ ಮಗುಚಿತು, ಎಣ್ಣೆ ಹೊಸ್ತಿಲ ಕಡೆ ಹರಿಯಿತು, ಪುಣ್ಯಕ್ಕೆ ಯಾರ ಮೈಮೇಲೂ ಬೀಳಲಿಲ್ಲ. ನಾನು ಸ್ಟೌವಿನ ಗಾಳಿ ಬಿಟ್ಟು ಆರಿಸಿದೆ.

ಆಯಿಯ ಕೈಯಲ್ಲಿ ಹಲಗೆಯ ಅರ್ಧ ತುಂಡು ಉಳಿದಿತ್ತು. ಅದನ್ನು ಮತ್ತೆ ಎತ್ತಿ ಅವನ ಬೆನ್ನಿಗೆ ಹೊಡೆದಳು. ಇನ್ನೊಮ್ಮೆ ಹೊಡೆದಳು. ಹೊಡೆಯುತ್ತಾ ಹೊಡೆಯುತ್ತಾ ಅಳುತ್ತಿದ್ದಳು. "ಆಕಿ ನನ್ನ ಮಗಳು! ನಿನ್ನ ಹೇಂತಿ ಆಗೋಕಿಂತ ಮೊದ್ಲ ನನ್ನ ಮಗಳು! ನಾ ಹೊಟ್ಟಿಲೆ ಹಡದೀನಿ ಆಕಿನ್ನ!" ಎಂದು ಅರಚಿದಳು. ಕೊನೆಗೆ ಅವ್ವನೇ ಎದ್ದು ಹೋಗಿ ತಾಯಿಯ ಕೈ ಹಿಡಿದಳು. ಬಾಗಿಲಲ್ಲಿ ಓಣಿಯೆಲ್ಲ ನಿಂತಿತ್ತು. ಟೀ ಅಂಗಡಿಯವನೂ ಇದ್ದ. ಯಾರೂ ನಗಲಿಲ್ಲ.

ನಾನು ಹೆದರಿದ್ದೆ, ಆದರೆ ಸಂತೋಷವೂ ಆಗಿತ್ತು. ಅದನ್ನು ಮುಚ್ಚಿಡುವುದಿಲ್ಲ. ಅಪ್ಪ ತೋಳನ್ನು ತೊಡೆಯ ಮೇಲೆ ಇಟ್ಟುಕೊಂಡು ಅಳುತ್ತಿರುವುದನ್ನು ಕಣ್ತುಂಬ ನೋಡಿದೆ.

ಸಂಜೆಯ ಹೊತ್ತಿಗೆ ಓಣಿಯವರು ಅಪ್ಪನನ್ನು ಆಸ್ಪತ್ರೆಯಿಂದ ಕರೆದುಕೊಂಡು ಬಂದರು, ಮೊಣಕೈಯಿಂದ ಬೆರಳಿನವರೆಗೆ ಪ್ಲಾಸ್ಟರ್. ಬಚ್ಚಲಲ್ಲಿ ಜಾರಿಬಿದ್ದೆ ಎಂದು ಡಾಕ್ಟರಿಗೆ ಅವನೇ ಹೇಳಿದನಂತೆ. ಪಕ್ಕದಲ್ಲಿ ನಿಂತ ಆಯಿ ಹೌದು ಅನ್ನಲೂ ಇಲ್ಲ, ಅಲ್ಲ ಅನ್ನಲೂ ಇಲ್ಲ.

ಆಮೇಲೆ ಅಪ್ಪ ದೇವರಂಥವನಾದ ಎಂದೇನೂ ಇಲ್ಲ. ಬಾಯಿ ಹಾಗೇ ಇತ್ತು. ಸಿಟ್ಟು ಬಂದಾಗ ಕೈ ಅರ್ಧದವರೆಗೆ ಏಳುತ್ತಿತ್ತು, ಆಯಿ ತಲೆ ಎತ್ತಿ ನೋಡಿದರೆ ಇಳಿಯುತ್ತಿತ್ತು. ಆಯಿ ಸತ್ತ ಮೇಲೆ ಏನಾಗುತ್ತದೋ ಎಂದು ನಾವೆಲ್ಲ ಹೆದರಿದ್ದೆವು. ಅಷ್ಟು ಹೊತ್ತಿಗೆ ಅವನು ಮುದುಕನಾಗಿದ್ದ, ಅವ್ವ ಆಗಿರಲಿಲ್ಲ. ಅವ್ವ ಈಗಲೂ ಸೀಗಡಿ ಬ್ರೆಡ್ ಮಾಡುತ್ತಾಳೆ, ನಾನೂ ಮಾಡುತ್ತೇನೆ, ತಂಗಿಯ ಮಕ್ಕಳು ಬಂದಾಗಂತೂ ತಪ್ಪದೆ. ಅವ್ವನ ಗಲ್ಲದ ಮೇಲಿನ ಆ ಗುಳ್ಳೆಯ ಕಲೆ ಹೋಗಿಲ್ಲ, ಮಕ್ಕಳು ಅದನ್ನು ಮಚ್ಚೆ ಎಂದುಕೊಂಡಿದ್ದಾರೆ.

ಆದರೆ ನನ್ನೊಳಗೆ ಉಳಿದಿರುವುದು ಅಪ್ಪನ ತೋಳು ಮುರಿದ ಮರುದಿನದ ಬೆಳಗು. ಎದ್ದು ನೋಡಿದರೆ ಆಯಿ ಇರಲಿಲ್ಲ. ಅವಳು ಒಬ್ಬಳೇ ಎಲ್ಲಿಗೂ ಹೋದವಳಲ್ಲ, ರಸ್ತೆ ದಾಟಲು ಭಯ. ನಾನು ಬಾಗಿಲಿಗೆ ಓಡಿದೆ. ಓಣಿಯ ಬಾಯಿಂದ ಅವಳು ಬರುತ್ತಿದ್ದಳು, ಒಂದು ಕೈಯಲ್ಲಿ ಹಾಲಿನ ಪ್ಯಾಕೆಟ್, ಇನ್ನೊಂದರಲ್ಲಿ ಬ್ರೆಡ್. ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿರಲಿಲ್ಲ, ಎಲ್ಲರಿಗೂ ಕಾಣುವ ಹಾಗೆ ಹಿಡಿದಿದ್ದಳು. ನಲ್ಲಿಕಟ್ಟೆಯಲ್ಲಿ ಪಕ್ಕದ ಮನೆಯ ಅಕ್ಕ ಕೊಡ ಕೆಳಗಿಟ್ಟು ಕೇಳಿದಳು:

"ಯಾರಿಗಜ್ಜಿ ಬ್ರೆಡ್ಡು?"

"ನನ್ನ ತಮ್ಮಗ," ಎಂದಳು ಆಯಿ, ನಿಲ್ಲದೆ.

ಒಳಗೆ ಬಂದು ಹಾಲು ಕಾಯಿಸಿದಳು. ಒಂದು ತುಂಡು ಬ್ರೆಡ್ಡನ್ನು ಬಟ್ಟಲಿಗೆ ಮುರಿದು ಹಾಕಿ ಹಾಲು ಹುಯ್ದಳು. ಅಪ್ಪ ಗೋಡೆಗೆ ಒರಗಿ ಕೂತಿದ್ದ, ಅವನು ಯಾವಾಗಲೂ ಕೂರುತ್ತಿದ್ದ ಜಾಗದಲ್ಲೇ. ಅವ್ವ ಬಾಗಿಲ ಹತ್ತಿರ ಪಕ್ಕೆ ಹಿಡಿದುಕೊಂಡು ನಿಂತು ನೋಡುತ್ತಿದ್ದಳು. ತಂಗಿ ಅಪ್ಪನ ಪ್ಲಾಸ್ಟರನ್ನು ಬೆರಳಿಂದ ಮುಟ್ಟಿ ನೋಡಿದಳು. ಆಯಿ ಅವನ ಮುಂದೆ ಕೂತು, ಚಿಕ್ಕಂದಿನಲ್ಲಿ ಉಣಿಸಿದ ಹಾಗೇ, ಚಮಚ ಅವನ ಬಾಯಿಗೆ ಹಿಡಿದಳು. ಅವನು ಮುಖ ತಿರುಗಿಸಿದ.

"ಬ್ರೆಡ್ ಬ್ಯಾಡ ಅಕ್ಕಾ," ಎಂದ. "ರೊಟ್ಟಿ ಕೊಡು."

"ರೊಟ್ಟಿ ಹ್ಯಾಂಗ ತಟ್ಲಿ?" ಎಂದಳು ಆಯಿ. "ಹಲಗಿ ಒಡದದ."

ಚಮಚ ಅಲ್ಲೇ ಹಿಡಿದಿದ್ದಳು. ಅಪ್ಪ ಬಾಯಿ ತೆರೆದ.